ಮುದ್ದೆಯ ಮಿತಿ

೫ ಆಗಸ್ಟ್ ೧೯೬೩, ಸೋಮವಾರ

ಬನಶಂಕರಿಯಲ್ಲಿ ಬಸ್ ಹಿಡಿದು ಮತ್ತೆ ಜಯನಗರದ ಡಾಕ್ಟರ ಹತ್ತಿರ. ಎಡಗಾಲ ಹೆಬ್ಬೆರಳ ಗಾಯಕ್ಕೆ ಮೂರು ವಾರ — ಇನ್ನೂ ಒಣಗಿಲ್ಲ. ಮೂತ್ರಕ್ಕೆ ನೀಲಿ ಔಷಧಿ ಬೆರೆಸಿ ಕಾಯಿಸಿ ನೋಡಿದರು. ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಸಕ್ಕರೆ ಕಾಯಿಲೆಯಂತೆ. ಡಾಕ್ಟರ್ ಗೌರೀಶಂಕರ ಧಾರವಾಡದ ಕಡೆಯವರು. "ಊಟದಾಗ ಮಾಡರೇಶನ್ ಇರ್ಲಿ ಮಾಸ್ತರ್ರ. ಇಲ್ಲಾಂದ್ರ ಬೆರಳು ತೆಗೀಬೇಕಾಗ್ತದ." ಎಷ್ಟು ತಿನ್ನಲಿ ಎಂದೆ. "ಹೊತ್ತಿಗೆ ಒಂದು ಮುದ್ದಿ, ಮುಗೀತು."

ಮನೆಗೆ ಬಂದು ಡಿಕ್ಷನರಿ ತೆಗೆದೆ. ಮಾಡರೇಶನ್: ಮಿತಿ, ಸಂಯಮ. ಮೂವತ್ತು ವರ್ಷ ಮಕ್ಕಳಿಗೆ ಈ ಪದ ಬರೆಸಿದ್ದೇನೆ, ಪಾಲಿಸಿದ್ದಿಲ್ಲ. ಊಟ ಮಿತವಾಗಿರಬೇಕಂತೆ ಎಂದಾಗ ಹೆಂಡತಿ ಸೊಣ್ಣಮ್ಮ ಕೇಳಿದಳು, "ಅಂಗಂದ್ರೆ ಎಷ್ಟು?"

"ಅತಿಯೂ ಅಲ್ಲ, ಕಮ್ಮಿಯೂ ಅಲ್ಲ."

"ನಿಮ್ಮ ಇಸ್ಕೂಲ್ ಮಾತು ಬ್ಯಾಡ. ಎಷ್ಟು ಮುದ್ದೆ?"

ಒಂದು ಎಂದೆ. ಅವಳ ಮುಖ ಸಣ್ಣಗಾಯಿತು. ಇಷ್ಟು ದಿನ ಮೂರು ನುಂಗುತ್ತಿದ್ದವನು ನಾನು.

೬ ಆಗಸ್ಟ್

ಒಂದೇ ಮುದ್ದೆ. ತಟ್ಟೆಯಲ್ಲಿ ಸಾರಿಗೇ ಜಾಗವಿಲ್ಲ. ಸೊಣ್ಣಮ್ಮ ಬಾಗಿಲ ಕಡೆ ನೋಡುತ್ತ ಕೂತಿದ್ದಳು. ನಾನೂ ಕೇಳಲಿಲ್ಲ... ಹೊಟ್ಟೆ ತುಂಬಿತು. ಡಾಕ್ಟರು ಹೇಳಿದ್ದು ಒಂದು, ತಿಂದದ್ದೂ ಒಂದು. ಕಳ್ಳ ನಾನೇ.

೨೬ ಆಗಸ್ಟ್

ಬೆರಳ ತುದಿ ಕಪ್ಪಗಾಗುತ್ತಿದೆ. ಮತ್ತೆ ಇಟ್ಟಿಗೆ ಬಣ್ಣ. ಇನ್ನು ಮೂರು ವಾರ ನೋಡಿ ಆಪರೇಶನ್ ಎಂದರು ಡಾಕ್ಟರು. "ಒಂದ ಮುದ್ದಿ ಹೌದಲ್ಲ?" ಹೌದೆಂದೆ. ಜೊತೆಗೆ ಬಂದಿದ್ದ ಸೊಣ್ಣಮ್ಮ ಬಾಯಿಬಿಟ್ಟಳು. "ಒಂದೇ ಸ್ವಾಮಿ. ಆದ್ರೆ..." ಎಂದು ಎರಡು ಕೈ ಅಗಲಿಸಿ ತೋರಿಸಿದಳು.

"ಅದು ಮುದ್ದಿ ಅಲ್ರೀ, ಕುಂಬಳಕಾಯಿ!"

ಡಾಕ್ಟರು ರೊಟ್ಟಿ ತಿಂದು ಬೆಳೆದವರು. ಮುದ್ದೆಯ ಗಾತ್ರ ಕಟ್ಟುವವರ ಕೈಯಲ್ಲಿದೆ ಎಂದು ಅವರಿಗೇನು ಗೊತ್ತು. ಮೇಜಿನ ಮೇಲಿದ್ದ ಮೂಸಂಬಿ ತೆಗೆದು ಅವಳ ಕೈಗಿಟ್ಟರು. ಇಷ್ಟೇ, ಇದಕ್ಕಿಂತ ಜಾಸ್ತಿಯಿಲ್ಲ.

ಬಸ್ಸಿನಲ್ಲಿ ಅತ್ತಳು. "ನಾನೇ ನಿಮ್ಮ ಬೆರಳು ತೆಗೀತಿದ್ದೆ." ತಿಂದವನು ನಾನು, ಸುಮ್ಮನಿರು ಎಂದೆ.

೨ ಸೆಪ್ಟೆಂಬರ್

ಹಸಿವು. ಬೆಳಿಗ್ಗೆ ಬೆಕ್ಕಿನ ಮೇಲೂ ರೇಗಿದೆ. ಸೊಣ್ಣಮ್ಮನ ತಟ್ಟೆಯಲ್ಲೂ ಅಷ್ಟೇ ಸಣ್ಣ ಮುದ್ದೆ. ನಿನಗೇನು ಕಾಯಿಲೆ ಎಂದು ಬೈದೆ. "ನಿಮಗಿಷ್ಟು ಹಾಕಿ ನಾನು ಜಾಸ್ತಿ ತಿಂದ್ರೆ ಗಂಟ್ಲಲ್ಲಿ ಇಳಿಯಾಕಿಲ್ಲ."

೧೬ ಸೆಪ್ಟೆಂಬರ್, ಸಂಜೆ ೫

ನೀಲಿ! ಗಾಜಿನ ಕೊಳವೆ ಬೆಳಕಿಗೆ ಹಿಡಿದು ತೋರಿಸಿದರು — ಸಕ್ಕರೆಯಿಲ್ಲ. ಗಾಯದ ಸುತ್ತ ಹೊಸ ಚರ್ಮ. "ಬೆರಳು ಉಳೀತು ಮಾಸ್ತರ್ರ."

ಸೊಣ್ಣಮ್ಮ ಕೇಳಿದಳು, "ಇನ್ನೆಷ್ಟು ದಿನ ಸ್ವಾಮಿ, ಹಿಂಗೆ ಅಳತೇಲಿ?"

"ಇವ್ರು ಇರೂತನಕ."

ಅವಳು ನನ್ನ ಕಾಲ ಕಡೆ ನೋಡಿದಳು. ಆಮೇಲೆ, "ಆಗ್ಲಿ ಬುಡಿ. ಇರ್ತಾರಲ್ಲ."

ಅಳು ಬಂದೇಬಿಟ್ಟಿತು, ಡಾಕ್ಟರ ಎದುರಿಗೇ. ಅರವತ್ತೆರಡು ವರ್ಷದ ಗಂಡಸು, ಟವಲಿನಲ್ಲಿ ಮುಖ ಮುಚ್ಚಿಕೊಂಡು...