ಎದೆಗೆ ಎರಡಿಂಚು

ಕೂದಲಿನ ಡಾಕ್ಟರಿಗೆ ದರ್ಜಿಯ ನಮಸ್ಕಾರ.

ಕೂದಲಿಗೆಂದು ನೀವು ಕೊಟ್ಟ, ಹಾರ್ಮೋನು ತಡೆಯುವ ಮಾತ್ರೆಯನ್ನು ಆರು ತಿಂಗಳು ನುಂಗಿದೆ. ತಲೆಯಲ್ಲಿ ಒಂದೆಳೆಯೂ ಹುಟ್ಟಲಿಲ್ಲ, ಎದೆ ಬೆಳೆಯಿತು. ತೋರಿಸಿದರೆ, ಮುಟ್ಟಿಯೂ ನೋಡದೆ "ಬೊಜ್ಜು ಕಣ್ರೀ, ವಾಕಿಂಗ್ ಹೋಗಿ" ಎಂದಿರಿ. ನನ್ನ ಸೊಂಟ ಅದೇ ಮೂವತ್ತನಾಲ್ಕು. ಸೊಂಟ ಬಿಟ್ಟು ಎದೆಗೇ ಎರಡಿಂಚು ಏರುವ ಬೊಜ್ಜನ್ನು ಮೂವತ್ತು ವರ್ಷ ಟೇಪು ಹಿಡಿದ ನಾನು ಕಂಡಿಲ್ಲ. ನನ್ನ ಅಂಗಿ ನೋಡಿದ ಹೆಂಡತಿ, "ಇನ್ಮೇಲೆ ಇದಕ್ಕೂ ಬ್ಲೌಸಿನ ಹಾಗೆ ಎದೆ ಹತ್ರ ಡಾಟ್ಸ್ ಹಿಡೀರಿ" ಅಂದಳು. ಅವಳು ಓದಿದ್ದು ನಾಲ್ಕನೇ ಕ್ಲಾಸು.

"ನಾನೂ ಅದೇ ಮಾತ್ರೆ ತಗೊಳ್ಳೋದು" ಎಂದಿದ್ದಿರಲ್ಲ, ಅದಕ್ಕೇ ನಿಮ್ಮ ಹೊಸ ಬಿಳಿ ಕೋಟನ್ನು ಎದೆಗೆ ಎರಡಿಂಚು ಹೆಚ್ಚು ಬಿಟ್ಟು ಹೊಲಿದಿದ್ದೇನೆ. ತರಿಸಿಕೊಳ್ಳಿ. ದೊಗಳೆಯಾದರೆ ನೀವು ಆ ಮಾತ್ರೆ ನುಂಗುತ್ತೀರೆಂಬುದು ಸುಳ್ಳು. ಸರಿಯಾಗಿ ಕೂತರೆ, ವಾಕಿಂಗ್ ಹೋಗಿ.

ಇಂತಿ,
ನಿಮ್ಮ ಬೋಳುತಲೆಯ ದರ್ಜಿ