ಫೋನಿಗೊಂದು ಕೌದಿ

14 ಸೆಪ್ಟೆಂಬರ್ 1991, ಶನಿವಾರ

ಕುರ್ಲಾದಲ್ಲಿ ಗಾಡಿ ಬದಲಿಸುವಾಗ ಚಪ್ಪಲಿಯ ಉಂಗುಷ್ಟ ಕಿತ್ತಿತು. ವಿಕ್ರೋಳಿಯ ಫ್ಯಾಕ್ಟರಿಯವರೆಗೆ ಕಾಲೆಳೆದುಕೊಂಡೇ ಹೋದೆ. ಟೈಮ್ ಆಫೀಸಿನ ಗುಮಾಸ್ತನೇ ಲೇಟು. ಎಲ್ಲರಿಗೂ ಪರಮಾನಂದ.

ಸಂಜೆ ಶಾಮಲಾ ಹುರುಳಿಕಾಯಿ ಹೆಚ್ಚುತ್ತಿದ್ದಳು. ಈಳಿಗೆಯ ಸದ್ದಿನಲ್ಲೇ ಗೊತ್ತಾಯಿತು — ಏನೋ ಆಗಿದೆ. ಮಾಟುಂಗಾದ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮುಗಿಸಿ, ಪವಾಯಿಯ ಇನ್‌ಸ್ಟಿಟ್ಯೂಟಿಗೆ ಬಸ್ಸು ಹಿಡಿದು ಪಿಎಚ್.ಡಿ. ಮಾಡುತ್ತಿರುವವಳು. ವಿಷಯ: ಕೊಂಕಣ ಕರಾವಳಿಯ ಬಾವಿಗಳಿಗೆ ಸಮುದ್ರದ ಉಪ್ಪು ಎಷ್ಟು ಇಳಿದಿದೆ. ಗೈಡ್ ಪ್ರೊಫೆಸರು ಒಂದು ವರ್ಷಕ್ಕೆ ಹಾಲೆಂಡಿಗೆ ಹೋಗಿದ್ದಾರೆ. ವಾರವಾರದ ಲೆಕ್ಕ ಅವರಿಗೆ ಮುಟ್ಟಬೇಕು, ಅದನ್ನು ನೋಡಿ ಅವರು ಮುಂದಿನ ಬಾವಿ ಹೇಳಬೇಕು. ಕಾಗದ ಹಾಕಿದರೆ ಹೋಗಿಬರುವಷ್ಟರಲ್ಲಿ ಬಾವಿಯೇ ಬತ್ತೀತು. ಆಗದಿದ್ದರೆ ವಿಷಯ ಬಿಡಿ ಎಂದಿದೆ ಇನ್‌ಸ್ಟಿಟ್ಯೂಟಿನ ಕಮಿಟಿ.

"ಈ ವಯಸ್ಸಿನಲ್ಲಿ ಊರೂರು ಯಾಕೆ ಮೇಡಂ, ಲ್ಯಾಬಿನಲ್ಲೇ ಏನಾದರೂ ಮಾಡಿ ಅಂದ್ರು, ರೀ."

ಪ್ರೊಫೆಸರು ಒಂದು ದಾರಿ ಬರೆದಿದ್ದಾರೆ. ಕೈಯಲ್ಲಿ ಒಯ್ಯುವಂಥ ಕಂಪ್ಯೂಟರ್ ಇರಲಿ. ಯಾವ ಊರಿನ ಫೋನಿನಿಂದಾದರೂ ಪವಾಯಿಯ ಕಂಪ್ಯೂಟರಿಗೆ ಕರೆ ಮಾಡಿದರೆ, ಅಲ್ಲಿಂದ ಇಂಟರ್ನೆಟ್ ಎಂಬುದು ಲೆಕ್ಕವನ್ನು ಈ-ಮೇಲ್ ಮಾಡಿ ಹಾಲೆಂಡಿಗೆ ಮುಟ್ಟಿಸುತ್ತದಂತೆ.

"ಮಷೀನು ನಾನು ಹುಡುಕುತ್ತೇನೆ" ಎಂದುಬಿಟ್ಟೆ. ನನ್ನದು ಕನ್ನಡ ಮೀಡಿಯಂ ಬಿ.ಎ., ಇತಿಹಾಸ. ಧೈರ್ಯಕ್ಕೇನು ಕಡಿಮೆ.

ಬಾವಿಗಳು ಮೂವತ್ತಾರು,
ಕಮಿಟಿಯಲ್ಲಿ ತಕರಾರು.

22 ಸೆಪ್ಟೆಂಬರ್, ಭಾನುವಾರ

ಲ್ಯಾಮಿಂಗ್ಟನ್ ರೋಡು. ಇಬ್ಬರೂ ಹೋದೆವು.

ಮೊದಲು ತೋರಿಸಿದ್ದು ಹೊಸ ಲ್ಯಾಪ್‌ಟಾಪ್. ಬೆಲೆ ಕೇಳಿದ ಮೇಲೆ, ಅಂಗಡಿಯವನು ತರಿಸಿದ ಚಹಾ ಕುಡಿಯಲು ಸಂಕೋಚವಾಯಿತು. ಎರಡನೆಯದಕ್ಕೆ ಪೋರ್ಟಬಲ್ ಎಂದು ಹೆಸರು, ಹೊಲಿಗೆ ಮಷೀನಿನ ಗಾತ್ರ. ಶಾಮಲಾ ಅದನ್ನೆತ್ತಿಕೊಂಡು ಪಾನ್‌ಪಟ್ಟಿಯವರೆಗೆ ನಡೆದು ಬಂದಳು. ಕೆಳಗಿಟ್ಟು ಅಂದಳು, "ಕೊಡಕ್ಕೆ ಕಟ್ಟಿ ಬಾವಿಗಿಳಿಸೋಕೆ ಸರಿ."

ಮೂರನೆಯದು ಕಪಾಟಿನ ತಳದಲ್ಲಿ ಧೂಳು ತಿನ್ನುತ್ತಿತ್ತು. ಯಾರೋ ಹಡಗಿನ ಆಫೀಸರ್ ಮಾರಿಹೋದದ್ದು. ದಪ್ಪ ಪುಸ್ತಕದಷ್ಟು. ಎಂಟೇ ಸಾಲಿನ ಪರದೆ. ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ಸಾಕು. ಜೊತೆಗೆ ಎರಡು ರಬ್ಬರ್ ಕಪ್ಪು — ಫೋನಿನ ರಿಸೀವರನ್ನು ಅದರಲ್ಲಿ ಕೂರಿಸಿದರೆ, ಮಷೀನು ಅಕ್ಷರಗಳನ್ನೆಲ್ಲ ಸಿಳ್ಳೆ ಮಾಡಿ ಅದರ ಬಾಯಿಗೆ ಊದುತ್ತದೆ.

"ಅರೆ ಭಾಯಿಸಾಬ್, ಯೇ ತೋ ಖಿಲೌನಾ ಹೈ. ನಯಾವಾಲಾ ಲೋ, ಸೀಧಾ ಲೈನ್ ಮೇ ಪ್ಲಗ್ ಲಗತಾ ಹೈ."

ಶಾಮಲಾ ಕೇಳಿದಳು, "ಹಳ್ಳಿಯ ಪೋಸ್ಟಾಫೀಸಿನ ಫೋನಿನಲ್ಲಿ ಪ್ಲಗ್ ಎಲ್ಲಿರುತ್ತೆ? ವೈರು ಗೋಡೆಗೇ ಹೊಡೆದಿರುತ್ತೆ. ಕಿತ್ತರೆ ಪೋಸ್ಟ್‌ಮಾಸ್ಟರ್ ಬಿಡ್ತಾರಾ?" ಅಂಗಡಿಯವನು ಹೊಸದನ್ನು ಡಬ್ಬಕ್ಕೆ ವಾಪಸಿಟ್ಟ. ನಾನೂ ಆಗಲೇ ಅದನ್ನೇ ಯೋಚಿಸಿದ್ದವನ ಹಾಗೆ ತಲೆಯಾಡಿಸಿದೆ.

ಆಟಿಕೆಯನ್ನೇ ತಂದೆವು. ಫ್ರಿಜ್ಜು ಈ ವರ್ಷವೂ ಇಲ್ಲ. ಮಡಕೆಗೆ ಜಯವಾಗಲಿ.

ಸೆಲ್ಲು ನಾಲ್ಕು, ಸಾಲು ಎಂಟು,
ರಬ್ಬರ್ ಕಪ್ಪಿಗೆ ಹಾಲೆಂಡ್ ನಂಟು.

29 ಸೆಪ್ಟೆಂಬರ್, ಭಾನುವಾರ

ಪರೀಕ್ಷೆ. ಫೋನಿರುವುದು ಮೇಲಿನ ಮನೆಯ ವೆಂಕಟಸುಬ್ಬಯ್ಯನವರಲ್ಲಿ. ರಿಟೈರಾದ ಬೆಂಗಳೂರಿನವರು. ಡಯಲಿಗೆ ಬೀಗ, ಬೀಗದ ಕೈ ಜನಿವಾರದಲ್ಲಿ. ತೆಗೆಯಬೇಕಾದರೆ ಫೋನಿಗೆ ನಮಸ್ಕಾರ ಮಾಡುವ ಹಾಗೆ ಬಗ್ಗಬೇಕು.

"ಲೋಕಲ್ ಕಾಲ್ ತಾನೇ ನಂಜುಂಡ?"

"ಪವಾಯಿಗೆ, ಸ್ವಾಮಿ."

"ಆಮೇಲೆ?"

"ಆಮೇಲೆ ಹಾಲೆಂಡಿಗೆ."

ತೆಗೆದ ಬೀಗವನ್ನು ಮತ್ತೆ ಹಾಕಿದರು. ಪವಾಯಿಯಿಂದಾಚೆಯ ಖರ್ಚು ನಮ್ಮದಲ್ಲ, ನಿಮ್ಮದಂತೂ ಅಲ್ಲ ಎಂದು ಶಾಮಲಾ ತಿಳಿಹೇಳಿದ ಮೇಲೆ ಇನ್ನೊಂದು ನಮಸ್ಕಾರವಾಯಿತು.

ಡಯಲ್. ಆ ಕಡೆಯಿಂದ ಸಿಳ್ಳೆ. ರಿಸೀವರನ್ನು ಕಪ್ಪಿಗೆ ಒತ್ತಿದಳು. ಪರದೆಯ ಮೇಲೆ ಪವಾಯಿಯ ಕಂಪ್ಯೂಟರು ಅವಳ ಹೆಸರು ಕೇಳಿತು! ಮೈ ಜುಮ್ಮೆಂದಿತು. ಅಷ್ಟರಲ್ಲಿ ಹಾರ್ಬರ್ ಲೈನಿನ ಲೋಕಲ್ ದಡದಡ ಹೋಯಿತು. ಕಪ್ಪಿನೊಳಕ್ಕೆ ಆ ಸದ್ದೂ ನುಗ್ಗಿ, ಪರದೆ ತುಂಬ ಕಸ — ತಲೆಬುಡವಿಲ್ಲದ ಚಿಹ್ನೆಗಳು. ಲೈನು ಕಟ್. ಮತ್ತೆ ಡಯಲ್. ಈ ಸಲ ವೆಂಕಟಸುಬ್ಬಯ್ಯನವರ ಕೆಮ್ಮು. ಅದೂ ಕಟ್.

"ಸಂತೆಯ ಪಕ್ಕದ ಪೋಸ್ಟಾಫೀಸಿನಲ್ಲಿ ಏನು ಮಾಡಲಿ, ರೀ?" ಎಂದಳು ಮೆಟ್ಟಿಲಿಳಿಯುತ್ತ. ಅಷ್ಟೇ. ಇವತ್ತಿಗೆ ಪ್ರಾಸ ಬೇಡವೆನಿಸಿತು.

6 ಅಕ್ಟೋಬರ್, ಭಾನುವಾರ

ಕಮಿಟಿಯ ಹೊಸ ಷರತ್ತು. ಮುಂದಿನ ಶನಿವಾರ ಅವರಲ್ಲೊಬ್ಬರು ಬರುತ್ತಾರೆ. ವಡಾಲ ಸ್ಟೇಷನ್ನಿನೆದುರಿನ ಇರಾನಿ ಹೋಟೆಲಿನ ಫೋನಿನಿಂದ ಅವರೆದುರೇ ಮೆಸೇಜು ಹೋಗಬೇಕು. ಹೋದರೆ ಶಾಮಲಾ ಹೊರಡಬಹುದು. ಇಲ್ಲವಾದರೆ ಲ್ಯಾಬು.

ಚಿಂತೆಯಲ್ಲಿ ಮಧ್ಯಾಹ್ನ ಮಲಗಿದೆ. ನೊಣ. ಮುಖದ ಮೇಲೆ ಕೌದಿ ಎಳೆದುಕೊಂಡೆ — ಹಳೆಯ ಸೀರೆಗಳನ್ನು ಪದರದ ಮೇಲೆ ಪದರವಿಟ್ಟು ಎದುರು ಚಾಳಿನ ಶರಣವ್ವ ಹೊಲಿದುಕೊಟ್ಟದ್ದು. ಕಿಟಕಿಯ ಸರಳು ಅದುರಿತು. ಗಾಡಿ ಹೋದದ್ದು ಕೇಳಲಿಲ್ಲ.

ಎದ್ದು ಕೂತೆ.

"ಶಾಮಲಾ! ಕೌದಿ!"

ಅವಳು ರಬ್ಬರ್ ಕಪ್ಪುಗಳನ್ನು ಕೌದಿಯ ಮೂಲೆಯಲ್ಲಿ ಸುತ್ತಿ ನೋಡಿದಳು. "ಸೋಮಾರಿತನಕ್ಕೂ ಒಂದು ಉಪಯೋಗ ಇದೆ ಅನ್ನಿ" ಎಂದು ಚಪ್ಪಲಿ ಮೆಟ್ಟಿದಳು.

ಬಾಗಲಕೋಟೆ ಕಡೆಯ ಶರಣವ್ವ ಕಪ್ಪುಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಏನ್ರೀ ಅಣ್ಣಾರ, ಫೋನಿಗೆ ಥಂಡಿ ಹತ್ತೇತೇನ್ರೀ?"

"ಹೌದವ್ವ, ನೆಗಡಿ. ಅದರ ಮಾತು ಹಾಲೆಂಡಿನವರಿಗೆ ತಿಳೀತಿಲ್ಲ."

"ಕೂಸಿಗಿ ಹೊಲಿದಂಗ ಹೊಲೀತೀನಿ ಬಿಡ್ರಿ. ಅಕ್ಕಾರು ಒಬ್ಬಾಕಿನ ಹೊಂಟಾರೇನು?"

"ಒಬ್ಬಳೇ ಹೋಗ್ತೀನಿ" ಎಂದಳು ಶಾಮಲಾ.

"ಹಂಗಾರ ಕೆಂಪ ತುಂಡು ಮ್ಯಾಲ ಹಾಕ್ತೀನ್ರೀ. ಕಣ್ಣು ಬೀಳಬಾರ್ದು."

12 ಅಕ್ಟೋಬರ್, ಶನಿವಾರ

ನಿದ್ದೆ ಬರುತ್ತಿಲ್ಲ, ಬರೆದೇಬಿಡುತ್ತೇನೆ. ಇರಾನಿಯ ಮೂರು ಚಹಾ ಬೇರೆ.

ಕಮಿಟಿಯವರು ಬಂದರು, ದಪ್ಪ ಕನ್ನಡಕ, ಇಸ್ತ್ರಿ ಮುರಿಯದ ಸಫಾರಿ. ಶಾಮಲಾ ನಮ್ಮ ಸೊಸೈಟಿಯ ಬಾವಿಯ ಲೆಕ್ಕವನ್ನು ಮೊದಲೇ ಟೈಪು ಮಾಡಿಟ್ಟಿದ್ದಳು. ಗಲ್ಲಾದ ಮೇಲಿನ ಕರಿ ಫೋನಿನಿಂದ ಡಯಲ್. ರಿಸೀವರು ಕಪ್ಪಿಗೆ, ಕಪ್ಪು ಶರಣವ್ವ ಹೊಲಿದ ಕೌದಿಚೀಲಕ್ಕೆ, ಲಾಡಿ ಬಿಗಿದಾಯಿತು. ಕನ್ನಡಕದವರು ಒಂದು ಮೂಲೆಯ ಗಂಟು ಮುಟ್ಟಿ ನೋಡಿದರು. "ಯೇ ಕ್ಯಾ ಹೈ?"

"ರೊಟ್ಟಿ ಚೂರು, ಸರ್." ಕೊನೆಯ ಹೊಲಿಗೆಗೆ ಮುಂಚೆ ಶರಣವ್ವ ಇಟ್ಟದ್ದು. ಕೌದಿಯನ್ನು ಹೊಟ್ಟೆ ಖಾಲಿ ಬಿಟ್ಟು ಕಳಿಸಬಾರದಂತೆ. ಇದನ್ನು ಶಾಮಲಾ ವಿಜ್ಞಾನದ ಗಾಂಭೀರ್ಯದಿಂದಲೇ ವಿವರಿಸಿದಳು.

"ದೋ ಕಟಿಂಗ್, ಏಕ್ ಬ್ರುನ್ ಮಸ್ಕಾ!" ಬಸಿಯೊಂದು ಒಡೆಯಿತು. ಹೊರಗೆ ಲೋಕಲ್, ಅದರ ಹಿಂದೆಯೇ ಇನ್ನೊಂದು. ನಾನು ಪರದೆ ನೋಡಲಿಲ್ಲ, ಅವಳ ಮುಖ ನೋಡಿದೆ. ಕಣ್ಣು ಸಾಲಿಂದ ಸಾಲಿಗೆ ನಿಧಾನ ಇಳಿಯುತ್ತಿತ್ತು, ಉತ್ತರ ಪತ್ರಿಕೆ ತಿದ್ದುವಾಗಿನಂತೆ. ಒಂದು ಅಕ್ಷರವೂ ಕೆಟ್ಟಿರಲಿಲ್ಲ.

"ಅಂದರ್ ಬಚ್ಚಾ ಹೈ ಕ್ಯಾ?" ಎಂದ ಮುದುಕ ಇರಾನಿ.

"ಹಾಂ. ಸೋ ರಹಾ ಹೈ" ಎಂದಳು ಶಾಮಲಾ, ಮಲಗಿದ ಮಗುವಿನ ತಾಯಿಯಂತೆ ದನಿ ತಗ್ಗಿಸಿ.

ಕನ್ನಡಕದವರು ಕನ್ನಡಕ ತೆಗೆದು ಒರೆಸಿಕೊಂಡರು. "ಠೀಕ್ ಹೈ ಮೇಡಂ. ಜಾಯಿಯೇ."

ಮನೆ ಬರುವವರೆಗೂ ಬಿಗುವಾಗಿಯೇ ನಡೆದಳು. ಬಾಗಿಲು ಹಾಕಿದ ಮೇಲೆ ನೆಲಕ್ಕೆ ಕುಸಿದು ನಗಲು ಶುರುಮಾಡಿದಳು ನೋಡು... ಮದುವೆಯಾಗಿ ಇಪ್ಪತ್ತು ವರ್ಷ, ಆ ನಗು ನಾನು ಕಂಡಿರಲಿಲ್ಲ.

20 ಅಕ್ಟೋಬರ್, ಭಾನುವಾರ

ಕುರ್ಲಾ ನೆಹರೂನಗರದ ಎಸ್.ಟಿ. ಡಿಪೋ. ಹೆಗಲಿಗೆ ಮಷೀನು, ಕೈಯಲ್ಲಿ ಖಾಲಿ ಬಾಟಲಿಗಳ ಚೀಲ, ಕಂಕುಳಲ್ಲಿ ಕೌದಿ. ಕಿಟಕಿಯಿಂದ ಬಗ್ಗಿ, "ಹಾಲು ಉಕ್ಕಿಸಬೇಡಿ" ಎಂದಳು. ಪಕ್ಕದ ಸೀಟಿನವನಿಗೆ ಹೇಳಬೇಕೆನಿಸಿತು — ಸ್ವಲ್ಪ ಸರಿದು ಕೂರಿ, ಇವರು ಯಾರು ಗೊತ್ತೇ? ಹೇಳಲಿಲ್ಲ. ಬಸ್ಸಿನ ಹೊಗೆಗೇ ಕೈಬೀಸಿದೆ.

28 ಅಕ್ಟೋಬರ್, ಸೋಮವಾರ, ಸಂಜೆ

ಹಾಲು ಮೂರು ಸಲ ಉಕ್ಕಿತು.

ಮೊದಲ ವಾರದ ಲೆಕ್ಕ ಶನಿವಾರವೇ ಬರಬೇಕಿತ್ತು. ಅಂದು ಪವಾಯಿಗೆ ಹೋದೆ. ಟರ್ಮಿನಲ್ ರೂಮಿನವರು ಇಲ್ಲವೆಂದರು. ನಿನ್ನೆಯೂ ಹೋದೆ. ಇಲ್ಲ. ಮೊದಲ ವಾರವೇ ತಪ್ಪಿದರೆ ಕಮಿಟಿಗೆ ಹಬ್ಬ. ಸೆಲ್ಲು ತೀರಿತೇ? ಫೋನಿರುವ ಊರೇ ಸಿಗಲಿಲ್ಲವೇ? ಇವತ್ತು ಆಫೀಸಿನಿಂದ ಬಂದವನು ಮೆಟ್ಟಿಲ ಬಳಿ ನಿಂತು ಯೋಚಿಸಿದೆ. ಆ ಬೀಗ, ಆ ಜನಿವಾರ... ಸುಮ್ಮನೆ ಒಳಗೆ ಬಂದೆ. ಬರೆಯುತ್ತ ಕೂತರೆ ಹೊತ್ತಾದರೂ —

ಮೇಲಿನ ಗ್ಯಾಲರಿಯಿಂದ ವೆಂಕಟಸುಬ್ಬಯ್ಯನವರ ಕೂಗು. ಬಿಲ್ಡಿಂಗಿಗೆಲ್ಲ ಕೇಳುವಂತೆ.

"ನಂಜುಂಡಾ! ಏ ನಂಜುಂಡಾ! ಬೆಳಗ್ಗೆಯಿಂದ ನಾನೇ ಪವಾಯಿಗೆ ಫೋನ್ ಮಾಡ್ತಾ ಇದೀನಿ ಕಣಯ್ಯಾ, ಬೀಗಾನೇ ಹಾಕಿಲ್ಲ! ನಮ್ಮ ಶಾಮಲಂದು ಬಂದಿದೆಯಂತೆ! ಎಲ್ಲಾ ಲೆಕ್ಕಾನೂ ಸರಿಯಾಗಿ ಇದೆಯಂತೆ! ಹಾಲೆಂಡಿಂದ ಉತ್ತರಾನೂ ಬಂದಾಯ್ತು. ಮುಂದಿನ ಬಾವಿ ಯಾವುದು ಗೊತ್ತಾ? ಬಾರೋ ಮೇಲೆ!"

ನಮ್ಮ ಶಾಮಲಾ ಅಂತೆ. ಹೋಗುತ್ತೇನೆ. ಎರಡು ಸಾಲು ಬರೆದಿಟ್ಟು ಹೋಗುತ್ತೇನೆ, ಆಮೇಲೆ ಮರೆತೀತು —

ಬಾವಿಗಳು ಮೂವತ್ತಾರು,
ಇನ್ನು ಯಾರದು ತಕ—