ಎಳೆದು ಬಿಚ್ಚಿದ ಬೂಟು

ಸೋಮವಾರ, ಮಧ್ಯಾಹ್ನ

ಅಮ್ಮಾ,

ಫೋನ್ ಮಾಡಿದರೆ ನೀನು ಎತ್ತುತ್ತಿಲ್ಲ. ಎತ್ತಿದ್ದರೂ ನನ್ನ ಬಾಯಿಂದ ಮಾತು ಹೊರಡುತ್ತಿರಲಿಲ್ಲ ಬಿಡು. ಅದಕ್ಕೇ ಚಿಕ್ಕಮ್ಮನ ಮನೆಯಲ್ಲಿ ಕೂತು ಈ ಕಾಗದ. ಕಾಲು ಹೇಗಿದೆ? ಡಾಕ್ಟರಿಗೆ ತೋರಿಸಿದೆಯಾ, ಇಲ್ಲ ಬಟ್ಟೆ ಸುತ್ತಿಕೊಂಡು ಮತ್ತೆ ಲೇತ್ ಮಷೀನಿನ ಮುಂದೆ ನಿಂತಿದ್ದೀಯಾ?

ನನ್ನ ಮದುವೆ ದಿನ ಗೊತ್ತುಮಾಡಲು ನಿನ್ನೆ ಹುಡುಗನ ಮನೆಯವರು ನಿನ್ನನ್ನು ಮೊದಲ ಸಲ ಮನೆಗೆ ಕರೆದಿದ್ದರು. ಬಾಗಿಲಲ್ಲಿ ಚಪ್ಪಲಿ, ಶೂಗಳೆಲ್ಲ ಸಾಲಾಗಿದ್ದವು. ನೀನು ನೋಡಲೇ ಇಲ್ಲ. ಬೂಟುಗಾಲಲ್ಲೇ ದಡದಡ ಒಳಗೆ ಬಂದು, ಬಿಳಿ ಜಮಖಾನದ ನಟ್ಟನಡುವೆ ನಿಂತು ನನ್ನ ಭಾವೀ ಅತ್ತೆಯ ಮುಖ ನೋಡಿ ನಕ್ಕೆ. ನಿನ್ನ ತಪ್ಪೇನಿತ್ತು? ನಮ್ಮ ಮನೆಯೇ ಅಂಥದ್ದು. ಮುಂದೆ ವರ್ಕ್‌ಶಾಪು, ಹಿಂದೆ ಅಡುಗೆಮನೆ, ನೆಲದ ತುಂಬ ಕಬ್ಬಿಣದ ಚೂರು. ಬೇರೆ ಅಮ್ಮಂದಿರು ಮಕ್ಕಳು ಚಪ್ಪಲಿ ಹಾಕಿಕೊಂಡು ಒಳಗೆ ಬಂದರೆ ಬೈಯುತ್ತಾರೆ. ನೀನು ಬರಿಗಾಲಲ್ಲಿ ಬಂದರೆ ಬೈಯುತ್ತಿದ್ದೆ. ಬಂದವರಿಗೆಲ್ಲ, ಬಿಚ್ಚಬೇಡ್ರಪ್ಪಾ, ಕಾಲು ಕೊಯ್ಕೊಂಡ್ರೆ ನನ್ನ ಕೇಳಬೇಡಿ ಅಂತ ಕೂಗುತ್ತಿದ್ದೆ.

ಆದರೆ ಅವರ ಮುಂದೆ ನಾನು ಜಂಬ ಕೊಚ್ಚಿಕೊಂಡಿದ್ದೆ. ನಮ್ಮನೇಲೂ ಬಾಗಿಲಲ್ಲೇ ಬಿಚ್ಚೋದು, ಅಮ್ಮ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು ಅಂತ. ವರ್ಕ್‌ಶಾಪಿನ ಹಿಂದೆ ಬದುಕುತ್ತೇವೆ ಎನ್ನಲು ನನಗೆ ನಾಚಿಕೆ. ಎಲ್ಲರ ಕಣ್ಣೂ ನಿನ್ನ ಬೂಟಿನ ಮೇಲೆ ಬಿದ್ದಾಗ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬಿಚ್ಚಮ್ಮಾ ಎಂದು ನಾನಂದರೆ, ಇರಲಿ ಬಿಡೇ, ಬೇಡ ಅಂದೆ ನೀನು. ಹಟ ಅಂದುಕೊಂಡೆ. ನಾನೇ ನಗುನಗುತ್ತ ಕೆಳಗೆ ಕೂತು, ಲೇಸು ಸಡಿಲಿಸಿ, ನಿನ್ನ ಬೂಟು ಎಳೆದೇಬಿಟ್ಟೆ.

ನೀನು ಕಿರುಚಲಿಲ್ಲ. ಹಲ್ಲು ಕಚ್ಚಿದೆ, ಅಷ್ಟೇ. ಕಾಲುಚೀಲ ರಕ್ತದಲ್ಲಿ ಅಂಟಿಕೊಂಡಿತ್ತು. ಹೆಬ್ಬೆರಳ ಮೇಲೆ ಕಬ್ಬಿಣದ ತುಂಡು ಬಿದ್ದು ಆಗಲೇ ವಾರವಾಗಿತ್ತಂತೆ. ಹೇಳಿದರೆ ಮಾತುಕತೆ ಮುಂದಕ್ಕೆ ಹೋದೀತು ಅಂತ ಮುಚ್ಚಿಟ್ಟಿದ್ದೆಯಂತೆ. ಚಿಕ್ಕಮ್ಮ ಈಗ ಹೇಳಿದಳು.

ಒಂದು ಬೂಟು ಕಾಲಲ್ಲಿ, ಇನ್ನೊಂದು ಕೈಯಲ್ಲಿ, ನೀನು ಕುಂಟುತ್ತ ಹೊರಟುಹೋದೆ. ನಾನು ಹಿಂದೆ ಓಡಿ ಬರಬೇಕಿತ್ತು. ಜಮಖಾನ ಒರೆಸುತ್ತ ಕೂತಿದ್ದೆ, ಅಮ್ಮಾ. ನನ್ನ ಮೇಲೆ ನನಗೇ ಅಸಹ್ಯವಾಗುತ್ತಿದೆ.

ಮದುವೆಗೆ ಬರಲ್ಲ ಅಂದೆಯಂತೆ. ಹಾಗನ್ನಬೇಡ. ನೀನಿಲ್ಲದೆ ನನಗೆ ಯಾವ ಮದುವೆ? ಬೂಟು ಹಾಕಿಕೊಂಡೇ ಬಾ. ಯಾರು ಏನಂತಾರೋ ನಾನು ನೋಡ್ಕೋತೀನಿ.

ನಿನಗೆ ಮುಖ ತೋರಿಸಲು ಧೈರ್ಯವಿಲ್ಲದ
ನಿನ್ನ ಬೋಲ್ಟು

ತಾ.ಕ.: ಮದುವೆಯಲ್ಲಿ ಅವರ ಕಡೆಯವರು ನಿನ್ನ ಕೈ ಹಿಡಿದು ಕೂರಿಸಿದರೆ, ಮಗುವಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಮಾತಾಡಿದರೆ, ಸಿಟ್ಟು ಮಾಡಿಕೊಳ್ಳಬೇಡ. ತುಂಬ ಒಳ್ಳೆಯವರು. ನೀನು ಹೋದ ಮೇಲೆ, ಅಮ್ಮನಿಗೆ ಈಚೆಗೆ ಮರೆವಿನ ಕಾಯಿಲೆ, ಬೂಟು ಬಿಚ್ಚೋದೂ ನೆನಪಿರಲ್ಲ ಅಂದುಬಿಟ್ಟೆ. ಅತ್ತೆ ಕಣ್ಣೀರು ಹಾಕಿದರು. ನಿಜ ಹೇಳೋಕೆ ನನಗೆ ಇನ್ನೂ ಬಾಯಿ ಬಂದಿಲ್ಲ.